ಗ್ರಹಣದ ರಾತ್ರಿ ಎಚ್ಚರಿದ್ದವರು

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಹಿತ್ಯವನ್ನು ಕುರಿತೋ ಏಕೀಕರಣದ ಕಥೆಯನ್ನು ಕುರಿತೋ ಮಾತನಾಡುವುದು ವಾಡಿಕೆ. ಅವನ್ನು ನಮಗಿಂತ ಚೆನ್ನಾಗಿ ಬಲ್ಲವರು ಎದುರಿಗೇ ಕುಳಿತಿರುವಾಗ ನಾವು ಆ ಸಾಹಸಕ್ಕೆ ಹೋಗುವುದಿಲ್ಲ. ಎಲ್ಲರೂ ಕಂಡ, ಅಥವಾ ಕಾಣಬಾರದೆಂದು ಬಾಗಿಲು ಹಾಕಿಕೊಂಡ, ಒಂದು ಸಂಗತಿಯನ್ನು ಎತ್ತಿಕೊಂಡಿದ್ದೇವೆ. ಅದು 2025ರ ಸೆಪ್ಟೆಂಬರ್ 7, ಭಾನುವಾರ, ಭಾದ್ರಪದ ಹುಣ್ಣಿಮೆಯ ರಾತ್ರಿ ಹಿಡಿದ ಸಂಪೂರ್ಣ ಚಂದ್ರಗ್ರಹಣ. ದೇಶದ ಎಲ್ಲ ಭಾಗಕ್ಕೂ ಆದಿಯಿಂದ ಅಂತ್ಯದವರೆಗೆ ಕಂಡ ಸಂಪೂರ್ಣ ಗ್ರಹಣ 2018ರ ಜುಲೈ 27ರ ತರುವಾಯ ಇದೇ. ಹಿಂದಿನ ದಿನವಷ್ಟೇ ಹೈದರಾಬಾದಿನ ಗಣಪತಿಗಳು ನೀರಿಗೆ ಹೋಗಿದ್ದವು, ಮರುದಿನದಿಂದ ಪಿತೃಪಕ್ಷ. ನಡುವೆ ಸಿಕ್ಕ ಆ ಒಂದು ರಾತ್ರಿ ಪಟಾನ್‌ಚೆರುವಿನ ನಮ್ಮ ಮನೆಯ ಮಾಳಿಗೆಯ ಮೇಲೆ ನಾವು ನಾಲ್ಕಾರು ಕನ್ನಡ ಸಂಸಾರಗಳವರು ಒಂದೂವರೆಯವರೆಗೆ ನಿದ್ದೆಗೆಟ್ಟು ಕುಳಿತೆವು. ಯಾಕೆ ಕುಳಿತೆವು, ಯಾರು ಕೂಡಲಿಲ್ಲ, ಅದರಲ್ಲಿ ಸ್ವಾರಸ್ಯವೇನು ಎಂಬುದೇ ಈ ಹೊತ್ತಿನ ಮಾತು.

ಕನ್ನಡದಲ್ಲಿ ‘ಗ್ರಹಣ ಹಿಡಿಯಿತು’ ಎಂದರೆ ಕೆಲಸ ಕೆಟ್ಟಿತೆಂದೇ ಅರ್ಥ. ನಮ್ಮ ಸಂಘದ ಸ್ವಂತ ಕಟ್ಟಡದ ಮಾತು ಬಂದಾಗಲೆಲ್ಲ ಖಜಾಂಚಿಗಳು ಇದನ್ನೇ ಹೇಳುತ್ತಾರೆ. ಆ ಗ್ರಹಣದ ಸ್ಪರ್ಶಕಾಲ ಎಲ್ಲರಿಗೂ ಗೊತ್ತು; ಮೋಕ್ಷಕಾಲವನ್ನು ಮಾತ್ರ ಯಾವ ಪಂಚಾಂಗವೂ ಬರೆದಿಲ್ಲ. ಆಕಾಶದ ಗ್ರಹಣ ಅಷ್ಟು ನಿಷ್ಕರುಣಿಯಲ್ಲ. ಅದು ಹೇಳಿದ ಹೊತ್ತಿಗೆ ಹಿಡಿಯುತ್ತದೆ, ಹೇಳಿದ ಹೊತ್ತಿಗೆ ಬಿಡುತ್ತದೆ.

ಹೇಳುವುದಕ್ಕೆ ನಮ್ಮಲ್ಲಿ ಎಂಥ ಮಾತುಗಳಿವೆ ನೋಡಿ. ಮನೆಯ ಗೋಡೆಯ ಮೊಳೆಗೆ ತೂಗುವ ಪಂಚಾಂಗದಲ್ಲಿ ಆ ದಿನದ ಎದುರಿಗೆ ಐದು ಹೆಸರುಗಳಿದ್ದವು. ರಾತ್ರಿ 9-57ಕ್ಕೆ ಸ್ಪರ್ಶ, ಎಂದರೆ ನೆರಳು ಚಂದ್ರನ ಅಂಚನ್ನು ಮುಟ್ಟುವ ಕ್ಷಣ. 11-01ಕ್ಕೆ ನಿಮೀಲನ, ಕಣ್ಣು ಮುಚ್ಚುವುದು. 11-42ಕ್ಕೆ ಮಧ್ಯ. 12-23ಕ್ಕೆ ಉನ್ಮೀಲನ, ಕಣ್ಣು ತೆರೆಯುವುದು. 1-26ಕ್ಕೆ ಮೋಕ್ಷ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳಿಗೆ ಈ ಹೆಸರುಗಳನ್ನು ಹೇಳಿಕೊಟ್ಟಾಗ ಅವರು ಅದನ್ನು ಕಣ್ಣಾಮುಚ್ಚಾಲೆಯೆಂದೇ ತಿಳಿದರು. ತಿಳಿದದ್ದರಲ್ಲಿ ತಪ್ಪೇನಿಲ್ಲ.

ಬ್ಯಾಂಕಿನಲ್ಲಿ ದುಡಿಯುವವರಿಗೆ ಎರಡು ಪಟ್ಟಿಗಳನ್ನು ಕಂಡರೆ ತಾಳೆ ನೋಡದೆ ಸಮಾಧಾನವಿಲ್ಲ. ಪತ್ರಿಕೆಯಲ್ಲಿ ಬಂದ ವಿಜ್ಞಾನಿಗಳ ವೇಳಾಪಟ್ಟಿಯನ್ನು ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದೆವು. ನಿಮಿಷಕ್ಕೆ ನಿಮಿಷ ಹೊಂದಿತು. ಇದರಲ್ಲಿ ಪವಾಡವಿಲ್ಲ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳೆಂದು ಆರ್ಯಭಟ ಕ್ರಿ.ಶ. 499ರಲ್ಲಿಯೇ ಬರೆದಿಟ್ಟ. ಕೇರಳದ ಪರಮೇಶ್ವರನೆಂಬ ಗಣಿತಜ್ಞ 1393ರಿಂದ 1432ರವರೆಗೆ ತಾನು ಕಂಡ ಗ್ರಹಣಗಳನ್ನು ದಾಖಲಿಸಿದ. ಹಳೆಯ ಲೆಕ್ಕವೂ ಕಣ್ಣಿಗೆ ಕಂಡದ್ದೂ ಹೊಂದದಿದ್ದಲ್ಲಿ ಲೆಕ್ಕವನ್ನು ತಿದ್ದಿ 1431ರಲ್ಲಿ ‘ದೃಗ್ಗಣಿತ’ವೆಂಬ ಪದ್ಧತಿಯನ್ನು ಕೊಟ್ಟ. ದೃಕ್ ಎಂದರೆ ನೋಟ. ನೋಡಿ ತಿದ್ದಿದ ಗಣಿತ. ಗ್ರಹಣದ ಹೊತ್ತಿನಲ್ಲಿ ಒಳಗೆ ಕೂಡಬೇಕೆಂದು ಯಾವ ಪಂಚಾಂಗದ ಹೆಸರಿನಲ್ಲಿ ಹೇಳುತ್ತೇವೆಯೋ, ಅದೇ ಪಂಚಾಂಗ ಹುಟ್ಟಿದ್ದು ಹೊರಗೆ ಕುಳಿತು ರಾತ್ರಿಯೆಲ್ಲ ನೋಡಿದವರಿಂದ. ಈ ಸಣ್ಣ ಮಾತು ನಮಗೆ ಬಹಳ ದೊಡ್ಡದಾಗಿ ಕಂಡಿತು.

ಗಣಿತ ತಾಳೆಯಾದರೂ ಮನೆಯೊಳಗಿನ ಲೆಕ್ಕ ತಾಳೆಯಾಗಲಿಲ್ಲ. ನಮ್ಮ ತಂಗಿ ಆಗ ಆರು ತಿಂಗಳ ಬಸುರಿ. ಆಕೆಯ ಯಜಮಾನರು ಮಸ್ಕತ್ತಿನಲ್ಲಿ ನೌಕರಿಯಲ್ಲಿದ್ದಾರೆ. ಹಿಂದೆ ಒಮ್ಮೆ ನಿಂತ ಬಸಿರು ಐದನೆಯ ತಿಂಗಳಲ್ಲಿ ಉಳಿಯಲಿಲ್ಲ. ಆದ್ದರಿಂದಲೇ ಈ ಸಲ ಅವಳನ್ನು ಇಲ್ಲಿ ಕರೆಸಿಕೊಂಡಿದ್ದೆವು. ನಮ್ಮ ಅವ್ವ ಹುಮನಾಬಾದಿನ ಕಡೆಯ ಹಳ್ಳಿಯಿಂದ ಬಂದು ಅವಳ ಕಾವಲಿಗೆ ನಿಂತಿದ್ದಳು. ಗ್ರಹಣದ ಮಾತು ಬಂದೊಡನೆ ಅವ್ವ ಹೇಳಿದ್ದಿಷ್ಟು: “ನಿಮ್ಮ ಶಾಸ್ತ್ರ ನಿಮಗಿರಲಿ. ಹ್ವಾದ ಸಲ ಏನಾತು ಅಂತ ನನಗ ಗೊತ್ತದ. ಈ ಸಲ ಅಕಿನ್ನ ಹೊರಗ ಬಿಡಾಂಗಿಲ್ಲ.”

ಇದಕ್ಕೆ ಉತ್ತರವಿಲ್ಲವೆಂದಲ್ಲ. ಚಂದ್ರನದು ಸ್ವಂತ ಬೆಳಕಲ್ಲ, ಬಿಸಿಲೇ ತಿರುಗಿ ಬಂದದ್ದು. ಗ್ರಹಣದಲ್ಲಿ ಅದೂ ಕಡಿಮೆಯಾಗುತ್ತದೆಯೇ ಹೊರತು ಹೊಸ ಕಿರಣವೇನೂ ಹುಟ್ಟುವುದಿಲ್ಲ. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣು ಕೆಡುವುದು ನಿಜ. ಚಂದ್ರಗ್ರಹಣಕ್ಕೆ ಆ ಭಯವೂ ಇಲ್ಲ. ಎಲ್ಲವೂ ಸರಿ. ಆದರೆ ಒಂದು ಕೂಸನ್ನು ಕಳೆದುಕೊಂಡ ಮನೆಯಲ್ಲಿ, ಮಾತು ಸರಿಯಿದ್ದ ಮಾತ್ರಕ್ಕೆ ಅದನ್ನು ಗಟ್ಟಿಯಾಗಿ ಆಡಬೇಕೆಂದಿಲ್ಲ. ತಂಗಿಗೂ ನೋಡುವ ಆಸೆ ಇತ್ತು. ಅವ್ವನ ಮುಖ ನೋಡಿ ಸುಮ್ಮನಾದಳು. ನಾವೂ ಸುಮ್ಮನಾದೆವು.

ಹಟ ಹಿಡಿದದ್ದು ಒಂದೇ ವಿಷಯಕ್ಕೆ: ಊಟ. ಚಂದ್ರಗ್ರಹಣದ ವೇಧ ಒಂಬತ್ತು ಗಂಟೆ ಮೊದಲೇ ಹತ್ತುತ್ತದೆ. ಲೆಕ್ಕದ ಪ್ರಕಾರ ಮಧ್ಯಾಹ್ನ 12-57ರಿಂದ ರಾತ್ರಿ 1-26ರವರೆಗೆ, ಹನ್ನೆರಡು ಗಂಟೆಗೂ ಮೇಲೆ, ಬಸುರಿ ಹೆಂಗಸು ಅನ್ನ ನೀರಿಲ್ಲದೆ ಇರಬೇಕು. ಗ್ರಹಣದಿಂದ ಕೇಡಾಗದಿರಬಹುದು, ಇದರಿಂದ ಖಂಡಿತ ಆಗುತ್ತದೆ. ವಾದ ಬೆಳೆಯುವ ಹೊತ್ತಿಗೆ ನಮ್ಮ ಮನೆಯವರು ಪಂಚಾಂಗವನ್ನು ಮೊಳೆಯಿಂದ ತೆಗೆದು ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲನ್ನು ಓದಿದರು. ಮಕ್ಕಳಿಗೆ, ಮುದುಕರಿಗೆ, ರೋಗಿಗಳಿಗೆ, ಗರ್ಭಿಣಿಯರಿಗೆ ಪೂರ್ತಿ ವೇಧವಿಲ್ಲ. ಅವರು ಸಂಜೆಯವರೆಗೆ ಉಣ್ಣಬಹುದು. ಅವ್ವ ಅದನ್ನು ಎರಡು ಸಲ ಓದಿಸಿದಳು. “ಪಂಚಾಂಗದಾಗೇ ಅದ ಅಂದಮ್ಯಾಲ ಆಗವಲ್ದ್ಯಾಕ?” ಎಂದು ತಾನೇ ಎದ್ದು ರೊಟ್ಟಿ ಬಡಿಯಲು ಕುಳಿತಳು. ತಂಗಿ ಹೊತ್ತು ಮುಳುಗುವ ಮೊದಲು ಹೊಟ್ಟೆ ತುಂಬ ಉಂಡಳು. ಹಳೆಯ ನಂಬಿಕೆಯೊಡನೆ ಜಗಳವಾಡುವವರು ಮೊದಲು ಅದರ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ದೇವಸ್ಥಾನಗಳಲ್ಲಿಯೂ ಎಲ್ಲ ಕಡೆ ಒಂದೇ ಪದ್ಧತಿಯಿಲ್ಲ. ಅಂದು ತಿರುಮಲೆಯಲ್ಲಿ ಮಧ್ಯಾಹ್ನ 3-30ಕ್ಕೇ ಬಾಗಿಲು ಹಾಕಿದರು. ಶ್ರೀಕಾಳಹಸ್ತಿಯಲ್ಲಿ ಗ್ರಹಣಕಾಲದಲ್ಲಿಯೂ ಬಾಗಿಲು ತೆರೆದಿರುವುದೇ ಸಂಪ್ರದಾಯ. ಕೆಳಗಿನ ಮನೆಯ ತೆಲುಗು ತಾಯಿ ತಟ್ಟೆಯಲ್ಲಿ ನೀರು ಹಾಕಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿದ್ದರು. ಗ್ರಹಣ ಹಿಡಿದಿರುವವರೆಗೆ ಅದು ಬೀಳುವುದಿಲ್ಲವೆಂದು ನಂಬಿಕೆ, ನಮ್ಮ ಕಡೆಯೂ ಇದೆ. ಮರುದಿನ ಶಾಲೆಯಿಂದ ಬಂದ ಹುಡುಗನೊಬ್ಬ ಅದೇ ಒನಕೆಯನ್ನು ಗ್ರಹಣವಿಲ್ಲದೆಯೇ ನಿಲ್ಲಿಸಿ ತೋರಿಸಿದ. ಆ ತಾಯಿ ನಕ್ಕು ಅವನ ಕೈಗೆ ಒಂದು ಲಾಡು ಕೊಟ್ಟರು. ಆದರೆ ಮುಂದಿನ ಗ್ರಹಣಕ್ಕೂ ಅವರು ಒನಕೆಯನ್ನು ನಿಲ್ಲಿಸುವುದರಲ್ಲಿ ಸಂಶಯವಿಲ್ಲ. ಇಂಥ ನಂಬಿಕೆಗಳ ಖಾತೆಯಲ್ಲಿ ಜಮಾ ಮಾತ್ರ ಬರೆಯುತ್ತಾರೆ, ಖರ್ಚು ಬರೆಯುವುದಿಲ್ಲ. ಕೂಸು ಸುಖವಾಗಿ ಹುಟ್ಟಿದರೆ ತಾಯಿ ಒಳಗೆ ಕುಳಿತಿದ್ದರಿಂದ. ಹುಟ್ಟದಿದ್ದರೆ ಎಲ್ಲೋ ಕಿಟಕಿಯ ಸಂದಿಯಿಂದ ನೆರಳು ಬಿದ್ದಿರಬೇಕು. ಹೀಗಾಗಿ ಆ ಲೆಕ್ಕ ಎಂದೂ ಮುಗಿಯುವುದಿಲ್ಲ.

ಇನ್ನು ಮಾಳಿಗೆಗೆ ಹೋಗೋಣ. ಪಟಾನ್‌ಚೆರು ಆಕಾಶ ನೋಡಲು ತಕ್ಕ ಸ್ಥಳವೇನಲ್ಲ. ಒಂದು ಕಡೆ ಮುಂಬಯಿ ಹೆದ್ದಾರಿಯ ಲಾರಿಗಳ ದೀಪ, ಇನ್ನೊಂದು ಕಡೆ ಕಾರ್ಖಾನೆಗಳ ದೀಪ. ಸಾಲದ್ದಕ್ಕೆ ಮಳೆಗಾಲದ ಮೋಡ ಬಂದು ಹೋಗುತ್ತಲೇ ಇತ್ತು. ಮೈಸೂರಿನ ಕಡೆಯ ಒಂದು ಸಂಸಾರ, ಧಾರವಾಡದ ದಂಪತಿಗಳು, ಎರಡನೆಯ ಪಾಳಿ ಮುಗಿಸಿ ಬಂದ ಬೀದರಿನ ಇಬ್ಬರು ಹುಡುಗರು, ಆರೇಳು ಮಕ್ಕಳು. ಮೈಸೂರಿನವರು ‘ತಾರಸಿ’ ಎಂದರು, ನಾವು ‘ಮಾಳಿಗೆ’ ಎಂದೆವು. ಅದರ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು. ಕನ್ನಡಿಗರು ಕೂಡಿದಲ್ಲಿ ಇದು ತಪ್ಪದು.

ಹತ್ತಕ್ಕೆ ಸ್ವಲ್ಪ ಮೊದಲು ಚಂದ್ರನ ಎಡಗಡೆಯ ಕೆಳ ಅಂಚು ಮಸುಕಾಯಿತು. ಮೊದಲು ಮೋಡವೆಂದೇ ತಿಳಿದೆವು. ಹತ್ತು ನಿಮಿಷದಲ್ಲಿ ಮಕ್ಕಳು ರೊಟ್ಟಿ ಕಚ್ಚಿದ ಹಾಗಿದೆ ಎಂದರು. ಆ ಕಚ್ಚಿದ ಗುರುತು ದುಂಡಗಿರುವುದನ್ನು ಕಂಡೇ, ನೆರಳು ದುಂಡಗಿದ್ದರೆ ಭೂಮಿಯೂ ದುಂಡಗಿರಬೇಕೆಂದು ಗ್ರೀಕರ ಅರಿಸ್ಟಾಟಲನು ವಾದಿಸಿದ್ದು. ಪಠ್ಯಪುಸ್ತಕದಲ್ಲಿ ನೂರು ಸಲ ಓದಿದ ಈ ಮಾತು ಚಾಪೆಯ ಮೇಲೆ ಮಲಗಿ ನೋಡುವಾಗ ಬೇರೆಯೇ ಆಗಿ ಕಂಡಿತು. ಅಲ್ಲಿ ಬಿದ್ದದ್ದು ನಾವು ಮಲಗಿದ್ದ ಈ ನೆಲದ ನೆರಳು.

11-01ಕ್ಕೆ ಕಡೆಯ ಬೆಳ್ಳಿಯ ಎಳೆ ಮುಚ್ಚಿತು. ಕಪ್ಪಾಗುವುದೆಂದು ಕಾದಿದ್ದ ಮಕ್ಕಳಿಗೆ ಸೋಜಿಗ: ಚಂದ್ರ ಕಾಣೆಯಾಗಲಿಲ್ಲ, ಬೆಳಗದ ತಾಮ್ರದ ಕೊಡದಂತೆ ಕೆಂಪಾಗಿ ತೂಗಿ ನಿಂತ. ಭೂಮಿ ಬಿಸಿಲನ್ನು ಅಡ್ಡಗಟ್ಟಿದರೂ ಅದರ ಸುತ್ತಲಿನ ಗಾಳಿ ಸ್ವಲ್ಪ ಬೆಳಕನ್ನು ಬಾಗಿಸಿ ನೆರಳಿನೊಳಕ್ಕೆ ಕಳಿಸುತ್ತದೆ. ದಾರಿಯಲ್ಲಿ ನೀಲಿ ಚದರಿ ಹೋಗಿ ಕೆಂಪು ಉಳಿಯುತ್ತದೆ. ಸಂಜೆಯ ಆಕಾಶ ಕೆಂಪಾಗುವುದೂ ಇದರಿಂದಲೇ. ಆ ಹೊತ್ತಿನಲ್ಲಿ ಭೂಮಿಯ ಅಂಚಿನ ಸುತ್ತ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದನೋ ಎಲ್ಲೆಲ್ಲಿ ಮುಳುಗುತ್ತಿದ್ದನೋ ಆ ಎಲ್ಲ ಕೆಂಪೂ ಒಟ್ಟಾಗಿ ಚಂದ್ರನ ಮೇಲೆ ಬಿದ್ದಿತ್ತು. ಹುಣ್ಣಿಮೆಯ ಬೆಳಕು ಅಡಗಿದ್ದರಿಂದ ಚುಕ್ಕೆಗಳು ಒಂದೊಂದಾಗಿ ಬಂದವು. ಚಂದ್ರನ ಎಡಕ್ಕೆ ಸ್ವಲ್ಪ ದೂರದಲ್ಲಿ ಶನಿ ಮಿನುಗದೆ ನಿಂತಿದ್ದ. “ಶನಿಯನ್ನೂ ನೋಡಿದಿರಾ! ಇನ್ನೇನು ಉಳಿಯಿತು?” ಎಂದು ಧಾರವಾಡದವರು ಹಾಸ್ಯ ಮಾಡಿದರು. ಪೂರ್ಣತೆ 82 ನಿಮಿಷ ಇತ್ತು.

ಅಷ್ಟರಲ್ಲಿ ಮಸ್ಕತ್ತಿನಿಂದ ಫೋನು. ತಂಗಿಯ ಯಜಮಾನರು ತಮ್ಮ ಕೋಣೆಯ ಹೊರಗೆ ನಿಂತು ಅದೇ ಚಂದ್ರನನ್ನು ನೋಡುತ್ತಿದ್ದರು. ಅವರ ಗಡಿಯಾರದಲ್ಲಿ 9-31 ಆದಾಗ ಬೆಳ್ಳಿಯ ಎಳೆ ಮುಚ್ಚಿತಂತೆ. ನಮ್ಮ 11-01 ಅದೇ. ಸೂರ್ಯಗ್ರಹಣ ಊರಿಂದ ಊರಿಗೆ ಬೇರೆ ಬೇರೆ ಹೊತ್ತಿಗೆ ಬರುತ್ತದೆ, ಕೆಲವು ಊರಿಗೆ ಬರುವುದೇ ಇಲ್ಲ. ಚಂದ್ರಗ್ರಹಣ ಹಾಗಲ್ಲ. ನೆರಳು ಬೀಳುವುದು ಚಂದ್ರನ ಮೇಲೆಯೇ ಆದ್ದರಿಂದ ಚಂದ್ರ ಕಾಣುವ ಎಲ್ಲರಿಗೂ ಅದು ಒಂದೇ ಕ್ಷಣ. ಬದಲಾಗುವುದು ಗಡಿಯಾರದ ಮುಳ್ಳು ಮಾತ್ರ. ಹುಮನಾಬಾದಿನಲ್ಲಿ ನಮ್ಮ ಅಣ್ಣ, ಪುಣೆಯಲ್ಲಿ ಮಾವನವರು, ಮಸ್ಕತ್ತಿನಲ್ಲಿ ಅಳಿಯಂದಿರು, ಪಟಾನ್‌ಚೆರುವಿನಲ್ಲಿ ನಾವು, ಹೀಗೆ ನಾಲ್ಕು ಕಡೆ ಹರಿದು ಹಂಚಿಹೋದ ಒಂದು ಮನೆ, ಒಂದೇ ಕ್ಷಣದಲ್ಲಿ ಒಂದೇ ಸಂಗತಿಯನ್ನು ಕಂಡದ್ದು ಎಷ್ಟೋ ವರ್ಷಗಳ ಮೇಲೆ.

ಈ ಸಂಗತಿಯನ್ನು ಹಿಂದಿನವರು ಬಹಳ ಜಾಣತನದಿಂದ ಉಪಯೋಗಿಸಿಕೊಂಡಿದ್ದರು. ಉಜ್ಜಯಿನಿಯ ಮೇಲೆ ಹಾಯುವ ಮಧ್ಯರೇಖೆಗೆ ಲೆಕ್ಕ ಹಾಕಿದ ಉನ್ಮೀಲನಕಾಲಕ್ಕಿಂತ ನಿಮ್ಮೂರಿನ ಹೊತ್ತಿನಲ್ಲಿ ಅದು ತಡವಾಗಿ ಕಂಡರೆ ನೀವು ಆ ರೇಖೆಯ ಪೂರ್ವಕ್ಕಿದ್ದೀರಿ, ಬೇಗ ಕಂಡರೆ ಪಶ್ಚಿಮಕ್ಕಿದ್ದೀರಿ ಎಂದು ‘ಸೂರ್ಯಸಿದ್ಧಾಂತ’ ಹೇಳುತ್ತದೆ. ಎಷ್ಟು ತಡವೋ ಅಷ್ಟು ದೂರ. ಕ್ರಿ.ಶ. 997ರ ಮೇ 24ರ ಚಂದ್ರಗ್ರಹಣವನ್ನು ಮಧ್ಯ ಏಷ್ಯದ ಕಾತ್ ಎಂಬ ಊರಿನಲ್ಲಿ ಅಲ್‌ಬಿರೂನಿಯೂ ಬಾಗ್ದಾದಿನಲ್ಲಿ ಅಬುಲ್‌ ವಫಾ ಎಂಬ ವಿದ್ವಾಂಸನೂ ಮೊದಲೇ ಮಾತಾಡಿಕೊಂಡು ನೋಡಿದರು. ಇಬ್ಬರ ಹೊತ್ತುಗಳನ್ನು ಹೋಲಿಸಿ ಎರಡು ಊರುಗಳ ನಡುವಣ ರೇಖಾಂಶದ ಅಂತರವನ್ನು ಕಂಡುಹಿಡಿದರು. ಆ ಬಿರೂನಿಯೇ ಮುಂದೆ ನಮ್ಮ ದೇಶವನ್ನು ಕುರಿತು ದೊಡ್ಡ ಗ್ರಂಥ ಬರೆದವನು. ಟಪಾಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಇಬ್ಬರು ದೂರದವರು ಒಂದು ರಾತ್ರಿ ಎಚ್ಚರಿರೋಣವೆಂದು ಒಪ್ಪಿಕೊಂಡದ್ದನ್ನು ನೆನೆದರೆ, ಮಸ್ಕತ್ತಿನ ಫೋನಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಗ್ರಹಣ ಊರುಗಳ ನಡುವಣ ದೂರವನ್ನು ಅಳೆದಂತೆಯೇ ಕಾಲದ ದೂರವನ್ನೂ ಅಳೆಯುತ್ತದೆ. ಕನ್ನಡ ನಾಡಿನ ಶಾಸನಗಳಲ್ಲಿ ಎಷ್ಟೋ ದಾನಗಳು ಗ್ರಹಣದ ಹೊತ್ತಿನಲ್ಲಿ ಧಾರೆಯೆರೆದವು. ಶಕವರ್ಷ, ಮಾಸ, ತಿಥಿ, ವಾರ ಬರೆದು ಸೋಮಗ್ರಹಣವೆಂದು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ರಾಬರ್ಟ್ ಸ್ಯೂಯೆಲ್ ಎಂಬ ಆಂಗ್ಲ ಅಧಿಕಾರಿ 1898ರಲ್ಲಿ ಭಾರತದ ಚಂದ್ರಗ್ರಹಣಗಳ ಮೇಲೆಯೇ ಒಂದು ಪುಸ್ತಕವನ್ನು ಪ್ರಕಟಿಸಿದ. ಕಲ್ಲಿನ ಮೇಲಿನ ತಾರೀಖು ನಿಜವೇ ಎಂದು ಆಕಾಶದ ಲೆಕ್ಕದೊಡನೆ ತಾಳೆ ನೋಡುವುದಕ್ಕೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹ, ಜಗದೇಕಮಲ್ಲನೆಂಬ ಬಿರುದಿನವನು, ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ. ಅವನ ರಾಜಧಾನಿಯಾಗಿದ್ದ ಪೊಟ್ಟಲಕೆರೆ ಈ ಪಟಾನ್‌ಚೆರುವೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಕೆರೆ ತೆಲುಗಿನಲ್ಲಿ ಚೆರುವು ಆಯಿತು, ಅಷ್ಟೇ. ನಾವು ಹೊಟ್ಟೆಪಾಡಿಗೆ ಇಲ್ಲಿಗೆ ವಲಸೆ ಬಂದವರೆಂದು ಹೇಳಿಕೊಳ್ಳುತ್ತೇವೆ. ಕನ್ನಡ ಈ ಊರಿಗೆ ನಮಗಿಂತ ಸಾವಿರ ವರ್ಷ ಮೊದಲೇ ಬಂದಿತ್ತು. ಇಲ್ಲಿಯ ಕೆರೆಯ ದಂಡೆಯ ಮೇಲೆ ನಿಂತು ಸೋಮಗ್ರಹಣವನ್ನು ನೋಡಿದ ಕನ್ನಡಿಗರಲ್ಲಿ ನಾವು ಮೊದಲಿಗರಾಗಿರಲಾರೆವು.

ತಂಗಿಯ ಮಾತಿಗೆ ಬರೋಣ. ಅವಳು ಕೆಳಗೆ ಕೋಣೆಯಲ್ಲಿ ಕಿಟಕಿಗೆ ದುಪ್ಪಟಿ ಕಟ್ಟಿಕೊಂಡು ಕುಳಿತಿದ್ದಳು. ಯಜಮಾನರು ಫೋನಿನಲ್ಲಿ ಹೇಳುತ್ತಿದ್ದುದನ್ನು ಕೇಳಿ ಅವಳಿಗೆ ತಡೆಯಲಾಗಲಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಬೆಂಗಳೂರು, ತಮಿಳುನಾಡು, ಲಡಾಖಿನ ತಮ್ಮ ದೂರದರ್ಶಕಗಳಿಂದ ಗ್ರಹಣವನ್ನು ನೇರವಾಗಿ ತೋರಿಸುತ್ತಿದ್ದರು. ನಮ್ಮ ಮನೆಯವರು ಅದನ್ನು ಫೋನಿನಲ್ಲಿ ಹಚ್ಚಿ ಅವ್ವನನ್ನು ಕೇಳಿದರು. ಅವ್ವ ಯೋಚಿಸಿ, “ಫೋನಿನಾಗ ನೋಡಬ್ಯಾಡ ಅಂತ ಎಲ್ಲೂ ಬರದಿಲ್ಲ, ನೋಡ್ಲಿ” ಎಂದಳು. ಆ ಸಂಸ್ಥೆಯನ್ನು 1971ರಲ್ಲಿ ಕಟ್ಟಿದ ವೇಣು ಬಪ್ಪು ಅವರು ಬೆಳೆದದ್ದು ಇದೇ ಹೈದರಾಬಾದಿನಲ್ಲಿ. ಅವರ ತಂದೆ ಇಲ್ಲಿಯ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದರು, ಹುಡುಗ ಅಲ್ಲಿಯ ದೂರದರ್ಶಕಗಳ ನೆರಳಿನಲ್ಲಿ ನಿದ್ದೆಗೆಡುವುದನ್ನು ಕಲಿತ. ಹೈದರಾಬಾದಿನಿಂದ ಬೆಂಗಳೂರಿಗೆ ಹೋದ ವಿದ್ಯೆ ಆ ರಾತ್ರಿ ಬೆಂಗಳೂರಿನಿಂದ ಪಟಾನ್‌ಚೆರುವಿನ ಕತ್ತಲ ಕೋಣೆಗೆ ಹಿಂತಿರುಗಿ ಬಂತು. ಹನ್ನೊಂದೂವರೆಯ ಸುಮಾರಿಗೆ ತಂಗಿಗೆ ಬಾಯಾರಿತು. ನಮ್ಮ ಮನೆಯವರು ತುಳಸಿದಳ ಹಾಕಿದ ನೀರಿನ ತಂಬಿಗೆಯನ್ನು ಅವಳ ಮುಂದಿಟ್ಟರು. ಅವ್ವ ಗೋಡೆಯ ಕಡೆಗೆ ಮುಖ ತಿರುಗಿಸಿ, “ನಾ ಏನೂ ನೋಡಿಲ್ಲ” ಎಂದಳು.

ಹನ್ನೆರಡೂಕಾಲಿಗೆ ಅವ್ವ ತಾನೇ ಮಾಳಿಗೆಗೆ ಬಂದಳು. ಮೋಕ್ಷದ ಸ್ನಾನಕ್ಕೆ ನೀರು ಎಷ್ಟು ಹೊತ್ತಿಗೆ ಕಾಯಿಸಬೇಕೆಂದು ಕೇಳಲು ಬಂದವಳು. ಅರವತ್ತು ದಾಟಿದ ಅವಳು ಹುಟ್ಟಿದಾಗಿನಿಂದ ಬಂದ ಗ್ರಹಣಗಳನ್ನೆಲ್ಲ ಕದದ ಹಿಂದೆ ಕುಳಿತು ಕಳೆದವಳು. ಹುಡುಗರು ಬಾಯಿ ಮುಚ್ಚಿಕೊಂಡರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೇಲೆ ನೋಡಿದಳು. ಹಾಗೆ ನೋಡುತ್ತ ಇದ್ದಾಗಲೇ ಎಡ ಅಂಚಿನಲ್ಲಿ ಒಂದು ಬೆಳ್ಳಿಯ ಗುಂಡು ಹೊಳೆಯಿತು: ಉನ್ಮೀಲನ. ಅವಳು ಬಹಳ ಹೊತ್ತು ಕತ್ತು ಇಳಿಸಲಿಲ್ಲ. ಕಡೆಗೆ, “ಭಾಳ ತ್ರಾಸ ಆಗ್ಯದ ಅಂವಗ” ಎಂದಷ್ಟೇ ಹೇಳಿ ಕೆಳಗೆ ಇಳಿದಳು. ಅವಳ ಪಾಲಿಗೆ ಅವನು ಇನ್ನೂ ರಾಹುವಿನ ಬಾಯಿಂದ ಬಿಡಿಸಿಕೊಂಡವನೇ. ನಾವು ತಿದ್ದಲು ಹೋಗಲಿಲ್ಲ. 1-26ಕ್ಕೆ ಸ್ನಾನವಾಯಿತು, ದಾನದ ಅಕ್ಕಿಯನ್ನು ಬೆಳಗಿಗೆಂದು ತೆಗೆದಿಟ್ಟಳು. ಮರುದಿನ ಸೋಮವಾರ, ಕೌಂಟರಿನಲ್ಲಿ ಎಷ್ಟು ಸಲ ಆಕಳಿಸಿದೆವೆಂದು ಇಲ್ಲಿ ಹೇಳುವ ಅಗತ್ಯವಿಲ್ಲ.

ಬೆಳಿಗ್ಗೆ ಚಹ ಕುಡಿಯುತ್ತ ಅವ್ವ ಕೇಳಿದಳು: “ಮತ್ತ ಯಾವಾಗ ಹಿಡೀತದ?” ಅದಕ್ಕೆ ಲೆಕ್ಕ ಹುಡುಕಿ ಕೊಟ್ಟೆವು. 2026ರ ಮಾರ್ಚ್ 3, ಹೋಳಿ ಹುಣ್ಣಿಮೆಯ ಗ್ರಹಣದಲ್ಲಿ ನಮ್ಮ ಕಡೆ ಚಂದ್ರ ಹುಟ್ಟುವಾಗಲೇ ಪೂರ್ಣತೆ ಮುಗಿದು ಗ್ರಹಣ ಬಿಡುವ ಹಂತ. ಮಾಳಿಗೆಯ ಕೂಟಕ್ಕೆ ಅದು ಸಾಲದು. ಸ್ಪರ್ಶದಿಂದ ಮೋಕ್ಷದವರೆಗೆ ನಮಗೆ ಪೂರ್ತಿ ಕಾಣುವ ಸಂಪೂರ್ಣ ಗ್ರಹಣ 2028ರ ಡಿಸೆಂಬರ್ 31ರ ರಾತ್ರಿಯದು. ಅದೂ ಭಾನುವಾರವೇ. ಎಂಟೂವರೆಯ ತರುವಾಯ ಸ್ಪರ್ಶ, ಮುಕ್ಕಾಲು ಹತ್ತರಿಂದ ಹನ್ನೊಂದರ ಸುಮಾರಿನವರೆಗೆ ಪೂರ್ಣತೆ, ಹೊಸ ವರ್ಷ ಹುಟ್ಟಿದ ಕೆಲವೇ ನಿಮಿಷಕ್ಕೆ ಮೋಕ್ಷ. ಅವ್ವ ಬೆರಳು ಮಡಿಸಿ ಎಣಿಸಿ, “ಆಗ ಕೂಸಿಗಿ ಮೂರು ವರ್ಷ” ಎಂದಳು. ಅದನ್ನು ಒಳಗಿಡುವುದೋ ಹೊರಗೆ ಕರೆತರುವುದೋ ಎಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.

ತಮ್ಮೆಲ್ಲರಿಗೂ ಆ ರಾತ್ರಿಗೆ ಈಗಲೇ ಆಮಂತ್ರಣ. ಸಂಘದ ಕಟ್ಟಡ ಅಷ್ಟರಲ್ಲಿ ಎದ್ದಿದ್ದರೆ ಅದರ ಮಾಳಿಗೆಯ ಮೇಲೆ, ಇಲ್ಲದಿದ್ದರೆ ನಮ್ಮ ಮನೆಯ ಮಾಳಿಗೆಯ ಮೇಲೆ. ಚಾಪೆಗಳನ್ನು ತಾವು ತರಬೇಕು. ಚಹದ ಹೊಣೆ ನಮ್ಮದು.